ಮೀನಿನ ಕೋಣೆಯಲ್ಲಿ ಎದ್ದುಬಂದ ಮೂರನೇ ಪದರ: ಪಾಲಿಯೆಸ್ಟರ್ ರೆಸಿನ್ ಕೆಲಸದಲ್ಲಿ ಒರೆಸುವ, ತೊಳೆಯುವ ತಪ್ಪುಗಳ ಒಂದು ಪ್ರಕರಣ

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ವರ್ಷದ ರಿಪೇರಿಯೆಲ್ಲ ಈ ಎರಡು ತಿಂಗಳಲ್ಲೇ ಮುಗಿಯಬೇಕು. ಗಾಜಿನ ನಾರಿಗೆ ರೆಸಿನ್ ಕುಡಿಸಿ ಗಟ್ಟಿಯಾಗಿಸುವ ಫೈಬರ್ ಕೆಲಸಕ್ಕೆ ಇದಕ್ಕಿಂತ ಕೆಟ್ಟ ಹವೆ ವರ್ಷದಲ್ಲಿ ಇನ್ನೊಂದಿಲ್ಲ: ಹೊರಗೆ ಬಿಡದ ಮಳೆ, ಒಳಗೆ ಕೈಯಲ್ಲಿ ಹಿಂಡಬಹುದೆನ್ನುವಂಥ ತೇವ. ಈ ಪ್ರಕರಣ ಅಂಥ ಒಂದು ಜುಲೈ ವಾರದ್ದು.

ಟ್ರಾಲ್ ಬೋಟೊಂದರ ಮೀನು ಮತ್ತು ಐಸ್ ತುಂಬುವ ಕೋಣೆ. ಉದ್ದ 2.5 ಮೀಟರ್, ಅಗಲ 2 ಮೀಟರ್, ಎತ್ತರ 1.8 ಮೀಟರ್, ಒಟ್ಟು 9 ಘನ ಮೀಟರ್ ಜಾಗ. ಮೇಲೆ ಇಳಿಯಲು ಒಂದೇ ಬಾಯಿ, ಬೇರೆ ಕಿಂಡಿಯಿಲ್ಲ. ಒಳಗಿನ ಹಳೆಯ ಫೈಬರ್ ಬಿರುಕು ಬಿಟ್ಟು ನೀರು ಇನ್ಸುಲೇಷನ್‌ಗೆ ಇಳಿಯುತ್ತಿತ್ತು. ತಳದ ಹಾಳಾದ ಭಾಗ ಮತ್ತು ಗೋಡೆಗಳ ಬುಡ ಸೇರಿ ಸುಮಾರು 4 ಚದರ ಮೀಟರ್ ಜಾಗಕ್ಕೆ ಚದರ ಮೀಟರ್‌ಗೆ 450 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟ್‌ನ ಮೂರು ಪದರ ಹಾಕುವುದೆಂದು ನಿಶ್ಚಯವಾಯಿತು. ಲೆಕ್ಕ ಸರಳ: ಒಂದು ಪದರಕ್ಕೆ 1.8 ಕೆ.ಜಿ. ಮ್ಯಾಟ್, ಅದರ ಎರಡೂವರೆ ಪಟ್ಟು, ಅಂದರೆ 4.5 ಕೆ.ಜಿ. ರೆಸಿನ್. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ಮೊದಲೇ ಬೆರೆಸಿದ ಸಾಧಾರಣ ಜಿಪಿ (ಜನರಲ್ ಪರ್ಪಸ್) ರೆಸಿನ್, ಅದಕ್ಕೆ ತೂಕದಲ್ಲಿ 1.5% ಕ್ಯಾಟಲಿಸ್ಟ್, ಅಂದರೆ ರೆಸಿನನ್ನು ಗಟ್ಟಿಯಾಗಿಸುವ ದ್ರವ. ಮೊದಲ ದಿನ ಮಧ್ಯಾಹ್ನ ಎರಡು ಪದರ ಕೂತವು. ಸಂಜೆ 5ಕ್ಕೆ ಕೆಲಸ ನಿಂತಿತು. ಮರುದಿನ ಬೆಳಿಗ್ಗೆ 9ಕ್ಕೆ ಮೂರನೆಯದು ಬಿತ್ತು.

ಅದಾದ ಮೂರನೇ ದಿನ ಒಳಗಿಳಿದು ನಡೆದಾಗ ಕಾಲಡಿಯಲ್ಲಿ ಟೊಳ್ಳು ಸದ್ದು. ನಾಣ್ಯದಿಂದ ತಟ್ಟುತ್ತ ಹೋದರೆ ಅಂಗೈ ಅಗಲದಿಂದ ಊಟದ ತಟ್ಟೆಯ ಅಗಲದವರೆಗಿನ ಐದಾರು ಕಡೆ ಪದರ ಕೆಳಗೆ ಅಂಟಿರಲಿಲ್ಲ. ಪಟ್ಟಿ ಬ್ಲೇಡ್ (ಬಣ್ಣದವರು ಪುಟ್ಟಿ ಬಳಿಯುವ ಚಪ್ಪಟೆ ಅಲಗು) ತೂರಿಸಿದರೆ ಹಪ್ಪಳದಂತೆ ಎದ್ದು ಬಂತು. ಇಷ್ಟರಲ್ಲಿ ಮ್ಯಾಟ್‌ನ ಗುಳ್ಳೆ ಹೊರಡಿಸುವ ಎರಡು ಅಲ್ಯೂಮಿನಿಯಂ ರೋಲರ್ ತಿರುಗುವುದನ್ನು ನಿಲ್ಲಿಸಿದ್ದವು, ಮೂರು ಬ್ರಶ್ ಕಟ್ಟಿಗೆಯಾಗಿದ್ದವು, ಅವನ್ನು ತೊಳೆಯುವ ದ್ರಾವಕ ಅಸಿಟೋನ್ 5 ಲೀಟರ್ ಖಾಲಿಯಾಗಿತ್ತು. ರೆಸಿನ್ ಹಳೆಯದು, ಕ್ಯಾಟಲಿಸ್ಟ್ ಕಲಬೆರಕೆ ಎಂಬ ಅನುಮಾನವೇ ಮೊದಲು ಬಂದದ್ದು. ಅದೇ ಡಬ್ಬಿ, ಅದೇ ಬಾಟಲಿಯ ಮಾಲಿನ ಮೊದಲೆರಡು ಪದರ ಕಲ್ಲಿನಂತೆ ಗಟ್ಟಿಯಾಗಿದ್ದುದರಿಂದ ಆ ಅನುಮಾನ ನಿಲ್ಲಲಿಲ್ಲ. ತಪ್ಪು ಸ್ವಚ್ಛ ಮಾಡುವ ಕೆಲಸದಲ್ಲಿತ್ತು.

ಎದ್ದ ತುಂಡಿನ ಅಡಿಭಾಗ ಏನು ಹೇಳಿತು

ಕಿತ್ತ ಪದರವನ್ನು ಎಸೆಯುವ ಮೊದಲು ಅದರ ಅಡಿಭಾಗ ನೋಡಬೇಕು. ಸರಿಯಾಗಿ ಅಂಟಿದ ಪದರವನ್ನು ಕಿತ್ತರೆ ನಾರು ಹರಿಯುತ್ತದೆ. ಎರಡೂ ಕಡೆ ಬಿಳಿ ಎಳೆಗಳು ಎದ್ದು ನಿಲ್ಲುತ್ತವೆ. ಇಲ್ಲಿ ಮೂರು ಬಗೆಯ ಗುರುತು ಸಿಕ್ಕಿತು.

ತಳದ ನಡುಭಾಗದ ತುಂಡುಗಳ ಅಡಿ ಗಾಜಿನಂತೆ ನುಣುಪಾಗಿತ್ತು. ಟಾರ್ಚನ್ನು ಅಡ್ಡ ಹಿಡಿದು ನೋಡಿದರೆ ಅರ್ಧಚಂದ್ರದಂಥ ಗೀರುಗಳು ಸಾಲಾಗಿ ಕಂಡವು. ಕೈ ಬೀಸಿ ಬಟ್ಟೆ ಒರೆಸಿದ ಗುರುತುಗಳವು. ಕೆಳಪದರದ ಮೇಲೆ ಒಣಗಿ ನಿಂತ ತೆಳು ಪೊರೆಯ ಅಚ್ಚು. ಬಾಯಿಯ ನೇರ ಕೆಳಗಿನ ತುಂಡುಗಳು ಹಾಲು ಬೆರೆತಂತೆ ಬೆಳ್ಳಗಿದ್ದವು: ನೀರು. ಏಣಿಯ ಪಕ್ಕದ ಮೂಲೆಯಲ್ಲಿ ಅಡಿಭಾಗ ಇನ್ನೂ ಅಂಟಂಟು, ಮೂಗಿಗೆ ಹಿಡಿದರೆ ಅಸಿಟೋನ್ ವಾಸನೆ. ತೊಳೆದ ರೋಲರ್ ಮೇಲಿಂದ ಇಳಿದು ಮೊದಲು ತಾಗುತ್ತಿದ್ದದ್ದು ಇದೇ ಮೂಲೆಗೆ.

ಎಡಗೋಡೆಯ ಬುಡದಲ್ಲಿ ಒಂದು ಪಟ್ಟಿ ಮಾತ್ರ ಎಳೆದರೂ ಬರಲಿಲ್ಲ. ಉಳಿ ಹಾಕಿ ಎಬ್ಬಿಸಿದಾಗ ನಾರು ಹರಿಯಿತು. ಅಲ್ಲಿಗೆ ಬರುವಷ್ಟರಲ್ಲಿ ಒರೆಸುವ ಬಟ್ಟೆ ಮುಗಿದಿತ್ತು, ಆ ಪಟ್ಟಿಯನ್ನು ಯಾರೂ ಒರೆಸಿರಲಿಲ್ಲ. ಇಡೀ ಪ್ರಕರಣದ ಗುಟ್ಟು ಆ ಒಂದು ಪಟ್ಟಿಯಲ್ಲಿದೆ.

ಒರೆಸಬಾರದ್ದನ್ನು ಒರೆಸಿದ್ದು

ಪಾಲಿಯೆಸ್ಟರ್ ರೆಸಿನ್ ಎಂದರೆ ಸ್ಟೈರೀನ್‌ನಲ್ಲಿ ಕರಗಿಸಿದ ಪಾಲಿಯೆಸ್ಟರ್. ಕ್ಯಾಟಲಿಸ್ಟ್ ಬಿದ್ದ ಮೇಲೆ ಎರಡೂ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಆದರೆ ಗಾಳಿಯ ಆಮ್ಲಜನಕ ಮೇಲ್ಮೈಯಲ್ಲಿ ಈ ಹೆಣಿಗೆಯನ್ನು ತಡೆಯುತ್ತದೆ. ಅದಕ್ಕೇ ಮೇಣ ಬೆರೆಸದ ರೆಸಿನ್ ಒಳಗೆ ಗಟ್ಟಿಯಾಗಿ, ಮೇಲೆ ಮಾತ್ರ ಅಂಟಾಗಿ ಉಳಿಯುತ್ತದೆ. ಈ ಅಂಟು ಕೊಳೆಯಲ್ಲ. ಮುಂದಿನ ಪದರದ ರೆಸಿನ್ ಇದರೊಂದಿಗೇ ಸೇರಿ ಹೆಣೆದುಕೊಳ್ಳುವುದು. ಸಂಜೆ ಹಾಕಿದ ಪದರದ ಮೇಲೆ ಮರುದಿನ ಬೆಳಿಗ್ಗೆ, 24 ಗಂಟೆಯೊಳಗೆ, ಇನ್ನೊಂದು ಪದರ ಹಾಕುವುದಾದರೆ ಮಾಡಬೇಕಾದದ್ದು ಮೇಲೆ ಬಿದ್ದ ಕಸ, ನಾರಿನ ಮುಳ್ಳುಗಳನ್ನು ತೆಗೆಯುವುದು ಇಷ್ಟೇ. ಇಲ್ಲಿ ಬೆರಳಿಗಂಟುವುದನ್ನು ಕಂಡು ಕೊಳೆ ಎಂದುಕೊಂಡು ಅಸಿಟೋನ್‌ನಿಂದ ಒರೆಸಿದರು. ಹಿಡಿಯಬೇಕಾದ ಅಂಟು ಬಟ್ಟೆಗೆ ಬಂತು.

ಒರೆಸಿದ ಅಸಿಟೋನ್ ಕೂಡ ಹೊಸದಲ್ಲ. ಹಿಂದಿನ ದಿನ ಬ್ರಶ್, ರೋಲರ್ ತೊಳೆದ ಡಬ್ಬಿಯದ್ದು. ಅದರಲ್ಲಿ ಕರಗಿದ ರೆಸಿನ್ ಇತ್ತು, ಅರೆಬರೆ ಗಟ್ಟಿಯಾದ ಲೋಳೆ ಇತ್ತು, ರೋಲರ್‌ನ ನಡುಕಡ್ಡಿಗೆ ಹಾಕಿದ ಎಣ್ಣೆಯೂ ಇತ್ತು. ಅಸಿಟೋನ್ ಕ್ಷಣದಲ್ಲಿ ಆರಿಹೋಗುತ್ತದೆ. ಅದರೊಳಗಿದ್ದದ್ದು ಆರುವುದಿಲ್ಲ, ಪೊರೆಯಾಗಿ ಉಳಿಯುತ್ತದೆ. ಅರ್ಧಚಂದ್ರದ ಗೀರುಗಳು ಆ ಪೊರೆಯವು.

ಬೆಳ್ಳಗಾದ ತುಂಡುಗಳಿಗೆ ಕಾರಣ ಮಳೆಹನಿ ಎಂದು ಮೊದಲು ಅನ್ನಿಸಬಹುದು, ಆದರೆ ಬಾಯಿಗೆ ಟಾರ್ಪಾಲು ಕಟ್ಟಿತ್ತು. ಬಂದ ದಾರಿ ಬೇರೆ. 27 ಡಿಗ್ರಿ ಬಿಸಿ, 90% ತೇವಾಂಶ ಇರುವ ಗಾಳಿ ಸುಮಾರು 25 ಡಿಗ್ರಿಗೆ ತಣಿದರೆ ಸಾಕು, ಇಬ್ಬನಿಯಾಗಿ ಇಳಿಯುತ್ತದೆ. ಅಸಿಟೋನ್ ಆರುವಾಗ ಮೇಲ್ಮೈಯ ಶಾಖವನ್ನು ಎಳೆದುಕೊಂಡು ಎರಡು ಡಿಗ್ರಿಗಿಂತ ಹೆಚ್ಚೇ ತಣಿಸುತ್ತದೆ; ಕೈಗೆ ಹಾಕಿಕೊಂಡರೆ ಚುರುಕೆನ್ನುವ ತಂಪು ಅದೇ. ಹೊರಗಿನ ಹಸಿ ಗಾಳಿ ನೇರ ಇಳಿಯುತ್ತಿದ್ದ ಬಾಯಿಯ ಕೆಳಗೆ, ಒರೆಸಿದ ಪ್ರತಿ ಬಾರಿಯೂ ಕಣ್ಣಿಗೆ ಕಾಣದ ನೀರಿನ ಪದರ ಕೂತಿತು. ಎರಡು ನಿಮಿಷದಲ್ಲಿ ಅದರ ಮೇಲೆ ಮ್ಯಾಟ್ ಬಿತ್ತು. ಬೇಸಿಗೆಯಲ್ಲಿ ಇದೇ ಅಭ್ಯಾಸ ನಡೆದುಹೋಗುತ್ತದೆ, ಅದಕ್ಕೇ ಮಳೆಗಾಲದಲ್ಲಿ ಅದರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ಬಕೆಟ್, ಬ್ರಶ್, ರೋಲರ್

ಮೊದಲ ದಿನ ಒಮ್ಮೆಗೇ 2.5 ಕೆ.ಜಿ. ರೆಸಿನ್ ಕಲಸಿದ್ದರು. 30 ಡಿಗ್ರಿ ಆಸುಪಾಸಿನಲ್ಲಿ 1.5% ಕ್ಯಾಟಲಿಸ್ಟ್‌ಗೆ ಕೈಗೆ ಸಿಗುವ ಸಮಯ ಹತ್ತು, ಹೆಚ್ಚೆಂದರೆ ಹದಿನೈದು ನಿಮಿಷ. ಮ್ಯಾಟ್ ನೆನೆಯಿಸಿ ಗುಳ್ಳೆ ಹೊರಡಿಸುವಷ್ಟರಲ್ಲಿ ಬಕೆಟಿನ ತಳದಲ್ಲಿ 700 ಗ್ರಾಂನಷ್ಟು ಉಳಿದು ಮೊಸರಾಗತೊಡಗಿತು. ತೆಳುವಾಗಿ ಹರಡಿದ ರೆಸಿನ್‌ನ ಬಿಸಿ ಗಾಳಿಗೆ ಹೋಗುತ್ತದೆ. ಬಕೆಟಿನಲ್ಲಿ ಗಟ್ಟಿಯಾಗಿ ಕೂತದ್ದರ ಬಿಸಿ ಒಳಗೇ ಸೇರುತ್ತ ಹೋಗುತ್ತದೆ, 150 ಡಿಗ್ರಿ ದಾಟಬಲ್ಲದು. ಬಿರುಕು ಬಿಟ್ಟು ಬಿಳಿ ಹೊಗೆ ಹೊರಟಿತು. ಪಕ್ಕದಲ್ಲೇ ಇದ್ದದ್ದು ಬಾಯಿ ತೆರೆದ ಅಸಿಟೋನ್ ಡಬ್ಬಿ. ಅಸಿಟೋನ್ 56 ಡಿಗ್ರಿಗೇ ಕುದಿಯುತ್ತದೆ.

ಉಳಿದ ರೆಸಿನ್ ಮೊಸರಾಗುವ ಸೂಚನೆ ಸಿಕ್ಕ ಕೂಡಲೇ ಬಕೆಟನ್ನು ಡೆಕ್ಕಿಗೆ ತಂದು, ಪಾಲಿಥೀನ್ ಹಾಳೆಯ ಮೇಲೆ ಅರ್ಧ ಸೆಂಟಿಮೀಟರ್‌ಗಿಂತ ತೆಳ್ಳಗೆ ಹರಡಿಬಿಡಬೇಕು. ಹೊಗೆ ಶುರುವಾಗಿಬಿಟ್ಟಿದ್ದರೆ ಕೈಯಲ್ಲಿ ಎತ್ತುವ ಸಾಹಸ ಬೇಡ, ಹಗ್ಗಕ್ಕೋ ಕೊಕ್ಕೆಗೋ ಸಿಕ್ಕಿಸಿ ಬಯಲಿಗೆ ತಂದು ಒದ್ದೆ ಮರಳು ಮುಚ್ಚಬೇಕು. ಅದಕ್ಕಿಂತ ಒಳ್ಳೆಯದು ಒಮ್ಮೆಗೆ ಒಂದು ಕೆ.ಜಿ.ಗಿಂತ ಹೆಚ್ಚು ಕಲಸದೇ ಇರುವುದು: 1 ಕೆ.ಜಿ. ರೆಸಿನ್‌ಗೆ 15 ಗ್ರಾಂ ಕ್ಯಾಟಲಿಸ್ಟ್, ಎರಡನ್ನೂ ತೂಕ ಹಾಕಿ. ಬಕೆಟ್, ಮಗ್ಗುಗಳು ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್‌ನವಾಗಿದ್ದರೆ ತೊಳೆಯುವ ಕೆಲಸವೇ ಇಲ್ಲ. ಈ ಪ್ಲಾಸ್ಟಿಕ್‌ಗಳಿಗೆ ರೆಸಿನ್ ಹಿಡಿಯುವುದಿಲ್ಲ. ಗೋಡೆಗೆ ಅಂಟಿದ ಉಳಿಕೆಯನ್ನು ಹಾಗೇ ಗಟ್ಟಿಯಾಗಲು ಬಿಟ್ಟು ಮರುದಿನ ಬಕೆಟನ್ನು ಹಿಂಡಿದರೆ ಚಿಪ್ಪಿನಂತೆ ಕಳಚಿ ಬೀಳುತ್ತದೆ. ಇಂಥ ಬಕೆಟ್ ತೊಳೆಯಲು ಅಸಿಟೋನ್ ಸುರಿಯುವುದು ಶುದ್ಧ ನಷ್ಟ. ತಗಡಿನ ಬಕೆಟಿಗೆ ಈ ಗುಣವಿಲ್ಲ. ಥರ್ಮೋಕೋಲ್ ಲೋಟ ಸ್ಟೈರೀನ್‌ಗೇ ಕರಗಿಹೋಗುತ್ತದೆ.

ಬ್ರಶ್‌ಗಳು ಸತ್ತದ್ದು ಅಸಿಟೋನ್ ಒಳಗೇ. ಅಸಿಟೋನ್‌ನಲ್ಲಿ ಮುಳುಗಿಸಿಟ್ಟರೆ ರೆಸಿನ್ ಗಟ್ಟಿಯಾಗದು ಎಂಬ ನಂಬಿಕೆ ಎಲ್ಲ ಶೆಡ್ಡುಗಳಲ್ಲೂ ಇದೆ. ಅಸಿಟೋನ್ ರೆಸಿನನ್ನು ತೆಳು ಮಾಡಿ ನಿಧಾನಗೊಳಿಸುತ್ತದೆ, ಅಷ್ಟೇ. ಬಿದ್ದ ಕ್ಯಾಟಲಿಸ್ಟ್ ಅಲ್ಲಿಯೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ರಾತ್ರಿ ಬೆಳಗಾಗುವಷ್ಟರಲ್ಲಿ ಅಸಿಟೋನ್ ಅರ್ಧ ಆರಿ, ದಪ್ಪ ರೆಸಿನ್ ತಳಕ್ಕಿಳಿದು, ತಳಕ್ಕೆ ಊರಿ ನಿಂತ ಕೂದಲ ಬುಡದಲ್ಲೇ ಗಟ್ಟಿಯಾಗಿತ್ತು. ಒಮ್ಮೆ ಗಟ್ಟಿಯಾದ ಪಾಲಿಯೆಸ್ಟರನ್ನು ಅಸಿಟೋನ್ ಕರಗಿಸುವುದಿಲ್ಲ, ಸ್ವಲ್ಪ ಉಬ್ಬಿಸುತ್ತದೆ. ಆದ್ದರಿಂದ ತೊಳೆಯುವ ಸಮಯವನ್ನು ತೀರ್ಮಾನಿಸುವುದು ಗಡಿಯಾರ, ಊಟದ ಹೊತ್ತಲ್ಲ. ಪ್ರತಿ ಮಗ್ಗು ಮುಗಿದಂತೆ, ಇನ್ನೊಂದು ಕಲಸುವ ಮೊದಲೇ, ಉಪಕರಣ ಶುಚಿಯಾಗಬೇಕು.

ಅದರ ಕ್ರಮ ಹೀಗೆ. ಮೊದಲು ಒಣ ಕೆಲಸ: ರಟ್ಟಿನ ಮೇಲೆ ರೋಲರ್ ಉರುಳಿಸಿ, ಬ್ರಶ್ಶನ್ನು ಬಕೆಟಿನ ಅಂಚಿಗೆ ಒತ್ತಿ ಹಿಂಡಿ, ಬನಿಯನ್ ವೇಸ್ಟಿನಿಂದ ಒರೆಸಿ. ರೆಸಿನ್‌ನ ಹೆಚ್ಚಿನ ಪಾಲು ಇಲ್ಲೇ ಹೋಗಬೇಕು. ಈ ಹಂತ ಬಿಟ್ಟದ್ದಕ್ಕೇ 5 ಲೀಟರ್ ಖರ್ಚಾದದ್ದು. ಆಮೇಲೆ ಮುಚ್ಚಳವಿರುವ ಮೂರು ತಗಡಿನ ಡಬ್ಬಿ, ಒಂದೊಂದರಲ್ಲೂ ಅರ್ಧ ಲೀಟರ್ ಅಸಿಟೋನ್. ಒಂದನೆಯದರಲ್ಲಿ ಅದ್ದಿ ತಿರುಗಿಸಿ ಹಿಂಡುವುದು, ಎರಡನೆಯದರಲ್ಲಿ ಮತ್ತೆ, ಮೂರನೆಯದರಲ್ಲಿ ಕೊನೆಗೆ. ಮೂರನೆಯದು ನೀರಿನಷ್ಟು ತಿಳಿಯಾಗಿ ಉಳಿಯಬೇಕು. ಅದು ಮಬ್ಬಾದ ದಿನ ಒಂದನೆಯದನ್ನು ಕೆಲಸದಿಂದ ತೆಗೆದು, ಎರಡು ಮತ್ತು ಮೂರನ್ನು ಒಂದೊಂದು ಸ್ಥಾನ ಮುಂದೆ ಸರಿಸಿ, ಹೊಸ ಅಸಿಟೋನ್ ಮೂರಕ್ಕೆ ಹಾಕಬೇಕು. ರೋಲರ್‌ನ ಬಿಲ್ಲೆಗಳ ಸಂದಿಗೆ ತೆಳು ತಂತಿ ಹಾಕಿ ತೆಗೆಯಬೇಕು. ನಡುಕಡ್ಡಿಯ ಎರಡು ತುದಿಗಳನ್ನು ಮರೆಯುವಂತಿಲ್ಲ. ಇಲ್ಲಿನ ಎರಡೂ ರೋಲರ್ ಕಚ್ಚಿಕೊಂಡದ್ದು ಆ ತುದಿಗಳಲ್ಲೇ.

ತೊಳೆದ ರೋಲರನ್ನು ಒದ್ದೆಯಲ್ಲೇ ಮತ್ತೆ ಮ್ಯಾಟ್ ಮೇಲೆ ಇಡುವುದು ಏಣಿ ಮೂಲೆಯ ಕಥೆ. ಬಿಲ್ಲೆಗಳ ಸಂದಿಯಲ್ಲಿ ನಿಂತ ಅಸಿಟೋನ್ ರೆಸಿನ್‌ಗೆ ಸೇರಿ ಗುಳ್ಳೆ ಎಬ್ಬಿಸುತ್ತದೆ, ಸಿಕ್ಕಿಬಿದ್ದಲ್ಲಿ ಗಟ್ಟಿಯಾಗಲು ಬಿಡುವುದಿಲ್ಲ. ಒಣ ರಟ್ಟಿನ ಮೇಲೆ ಉರುಳಿಸಿದಾಗ ಒದ್ದೆ ಗುರುತು ಬೀಳದಾಗುವವರೆಗೆ ಕಾಯಬೇಕು. ಎರಡು ಜೊತೆ ರೋಲರ್ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಕೆಲಸ ಮಾಡುತ್ತದೆ. ದಿನದ ಕೊನೆಗೆ ಬ್ರಶ್‌ಗಳನ್ನು ಬಿಸಿನೀರು, ಸೋಪಿನಲ್ಲಿ ಒಮ್ಮೆ ತೊಳೆದು ತೂಗುಹಾಕಬಹುದು, ಆದರೆ ಬುಡದಲ್ಲಿ ತೇವ ಉಳಿದ ಬ್ರಶ್ಶನ್ನು ಮರುದಿನ ಮುಟ್ಟಬಾರದು.

ಸತ್ತ ರೋಲರ್‌ಗಳನ್ನು ಬದುಕಿಸಲು ಕಾಸ್ಟಿಕ್ ಸೋಡಾ ಸಲಹೆ ಬಂತು. ಬಿಸಿ ಕಾಸ್ಟಿಕ್ ಪಾಲಿಯೆಸ್ಟರನ್ನು ನಿಧಾನಕ್ಕೆ ಒಡೆಯುವುದು ನಿಜ, ಕಬ್ಬಿಣದ ಉಪಕರಣಕ್ಕೆ ನಡೆದೀತು. ಅಲ್ಯೂಮಿನಿಯಂ ರೋಲರನ್ನು ಅದು ರೆಸಿನ್‌ಗಿಂತ ಮೊದಲೇ ತಿಂದುಹಾಕುತ್ತದೆ, ಜೊತೆಗೆ ಹೈಡ್ರೋಜನ್ ಅನಿಲ ಬಿಡುತ್ತದೆ. ಸುಡುವುದಂತೂ ಬೇಡವೇ ಬೇಡ; ಆ ಕಪ್ಪು ಹೊಗೆಯನ್ನು ಕುಡಿಯುವವರು ಸುಡುವವರೇ. ಇಲ್ಲಿ ಮಾಡಿದ್ದು: ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಅಸಿಟೋನ್‌ನಲ್ಲಿ ನೆನೆಹಾಕಿ, ಉಬ್ಬಿದ ರೆಸಿನನ್ನು ಮೊಂಡು ಚಾಕುವಿನಿಂದ ಕೆರೆದು, ನಡುಕಡ್ಡಿಯನ್ನು ಬಿಚ್ಚಿ ತಂತಿ ಬ್ರಶ್ ಹಾಕಿದ್ದು. ಒಂದು ಉಳಿಯಿತು, ಇನ್ನೊಂದರ ಬಿಲ್ಲೆಗಳು ಬಾಗಿದವು.

ಒಂಬತ್ತು ಘನ ಮೀಟರ್‌ನಲ್ಲಿ ಒಂದು ಲೀಟರ್

ಪದರ ಎದ್ದದ್ದು ಹಣದ ನಷ್ಟ. ಈ ಪ್ರಕರಣದಲ್ಲಿ ಅದಕ್ಕಿಂತ ದೊಡ್ಡ ಅನಾಹುತವೊಂದು ಸ್ವಲ್ಪದರಲ್ಲಿ ತಪ್ಪಿತು, ಅದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ಲೀಟರ್ ಅಸಿಟೋನ್ ಪೂರ್ತಿ ಆರಿದರೆ ಸುಮಾರು 340 ಲೀಟರ್ ಆವಿಯಾಗುತ್ತದೆ. ಗಾಳಿಯಲ್ಲಿ ಈ ಆವಿ 2.5% ಸೇರಿದರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಕೋಣೆ 9 ಘನ ಮೀಟರ್, ಅಂದರೆ 9,000 ಲೀಟರ್, ಅದರ 2.5% ಎಂದರೆ 225 ಲೀಟರ್. ಗಾಳಿ ಆಡದಿದ್ದರೆ ಮುಕ್ಕಾಲು ಲೀಟರ್‌ಗಿಂತ ಕಡಿಮೆ ಅಸಿಟೋನ್ ಇಡೀ ಕೋಣೆಯನ್ನು ಹೊತ್ತಿಕೊಳ್ಳುವ ಮಟ್ಟಕ್ಕೆ ತರುತ್ತದೆ. ಆವಿ ಗಾಳಿಯ ಎರಡು ಪಟ್ಟು ಭಾರ. ಮೇಲಿನ ಬಾಯಿಯಿಂದ ತಾನಾಗಿ ಹೋಗದೆ, ಕುಳಿತು ಕೆಲಸ ಮಾಡುವವನ ಮೊಣಕಾಲ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿ ತಂತಿಗೆ ನೇತುಹಾಕಿದ ಸಾದಾ ಬಲ್ಬು ಉರಿಯುತ್ತಿತ್ತು.

ಹಾಗಾಗಿ ತೊಳೆಯುವ ಮೂರು ಡಬ್ಬಿಗಳ ಜಾಗ ಡೆಕ್ಕಿನ ಮೇಲೆ, ಗಾಳಿ ಬೀಸಿಹೋಗುವ ದಿಕ್ಕಿನಲ್ಲಿ. ಕೋಣೆಯೊಳಗೆ ಅಸಿಟೋನ್ ಇಳಿಯಲೇಬಾರದು. ಒಳಗಿನ ಸ್ಟೈರೀನ್ ಆವಿಯನ್ನು ತೆಗೆಯಲು ಬ್ಲೋವರ್‌ನ ಕೊಳವೆ ತಳ ಮುಟ್ಟುವಂತಿರಬೇಕು, ಬ್ಲೋವರ್ ತಾನು ಮೇಲೆ, ಹೊರಗೆ ಇದ್ದು ಹೊಸ ಗಾಳಿಯನ್ನು ಒಳಗೆ ಊದಬೇಕು. ಬಾಯಿಯ ಬಳಿ ಒಬ್ಬರು ಕೆಲಸ ಮುಗಿಯುವವರೆಗೆ ನಿಂತಿರಬೇಕು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯದು, ಸಾವಯವ ಆವಿಗೆಂದೇ ಇರುವ ಇಂಗಾಲದ ಕಾರ್ಟ್ರಿಜ್ ಮಾಸ್ಕ್ ಬೇಕು. ಸ್ಟೈರೀನನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿದೆ. ವಾಸನೆ ರೂಢಿಯಾಯಿತೆಂದರೆ ಅಪಾಯ ಹೋಯಿತೆಂದಲ್ಲ.

ಕ್ಯಾಟಲಿಸ್ಟ್ ಬಾಟಲಿ ಬೇರೆಯದೇ ಎಚ್ಚರ ಬೇಡುತ್ತದೆ. ಅದರಲ್ಲಿರುವ ಎಂಇಕೆಪಿ (ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್) ಮತ್ತು ಕೋಬಾಲ್ಟ್ ನೇರವಾಗಿ ಸೇರಿದರೆ ಸಿಡಿಯುತ್ತದೆ, ಎಂಇಕೆಪಿಗೆ ಅಸಿಟೋನ್ ಬೆರೆಸುವುದೂ ನಿಷಿದ್ಧ. ಚೆಲ್ಲಿದ ಕ್ಯಾಟಲಿಸ್ಟನ್ನು ಮರದ ಹೊಟ್ಟಿನಿಂದಾಗಲಿ ಬನಿಯನ್ ವೇಸ್ಟಿನಿಂದಾಗಲಿ ಹೀರಿಸಿ ಮೂಲೆಗೆ ಎಸೆದರೆ ಅದು ತಾನೇ ಬಿಸಿಯಾಗಿ ಉರಿಯಬಲ್ಲದು. ಒದ್ದೆ ಮರಳಿನಿಂದ ತೆಗೆದು ನೀರಿನಲ್ಲಿ ಮುಳುಗಿಸಬೇಕು. ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗಬಹುದು. ತಕ್ಷಣ ಧಾರಾಳ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು, ಆಮೇಲೆ ಆಸ್ಪತ್ರೆ.

ಕೈಗೆ ಅಂಟಿದ ರೆಸಿನ್‌ಗೂ ಅಸಿಟೋನ್ ಬೇಡ. ಅದು ಚರ್ಮದ ಜಿಡ್ಡನ್ನು ತೆಗೆದು ಒಡೆಸುತ್ತದೆ, ತೆಳುವಾದ ರೆಸಿನನ್ನು ಇನ್ನೂ ಒಳಕ್ಕೆ ಉಜ್ಜುತ್ತದೆ. ತೆಂಗಿನೆಣ್ಣೆ ಹಚ್ಚಿ ತಿಕ್ಕಿ, ಬಟ್ಟೆಯಿಂದ ಒರೆಸಿ, ನಂತರ ಸೋಪು ನೀರು. ತೆಳು ನೈಟ್ರೈಲ್ ಗ್ಲೌಸ್ ರೆಸಿನ್ ಹಚ್ಚುವಾಗ ಸರಿ, ಆದರೆ ಅಸಿಟೋನ್ ಅದನ್ನು ಬಹು ಬೇಗ ದಾಟುತ್ತದೆ. ಡಬ್ಬಿಯಲ್ಲಿ ಕೈ ಅದ್ದುವವರಿಗೆ ಬ್ಯುಟೈಲ್ ರಬ್ಬರ್‌ನದು ಬೇಕು.

ಡೆಕ್ಕಿನ ಬಣ್ಣದ ಮೇಲೆ ರೆಸಿನ್ ಹನಿ ಬಿದ್ದ ಕಡೆಗಳಲ್ಲಿ ಒರೆಸಿದ ಅಸಿಟೋನ್ ಬಣ್ಣವನ್ನೇ ಎಬ್ಬಿಸಿತ್ತು. ಅಲ್ಲಿ ಹಸಿಯಿದ್ದಾಗ ಪಟ್ಟಿ ಬ್ಲೇಡಿನಿಂದ ತೆಗೆದು ಎಣ್ಣೆ, ಸೋಪು ಹಚ್ಚುವುದು ಸರಿ. ಅದಕ್ಕೆ ಸಮಯ ಮೀರಿದರೆ ರಬ್ಬರಿನಂತಾದ ಹದದಲ್ಲಿ ಅಂಚಿನಿಂದ ಕಿತ್ತರೆ ಚಕ್ಕೆಯಾಗಿ ಬರುತ್ತದೆ. ಆ ಹದ ತಪ್ಪಿದರೆ ಉಳಿ, ಗ್ರೈಂಡರ್.

ಸರಿಪಡಿಸಿದ್ದು

ಟೊಳ್ಳಾದ ಕಡೆಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ಗುರುತಿನಾಚೆ 5 ಸೆಂಟಿಮೀಟರ್‌ವರೆಗೆ 40 ನಂಬರ್ ಡಿಸ್ಕಿನಿಂದ ಅರೆದು, ಅಂಚನ್ನು ಇಳಿಜಾರು ಮಾಡಲಾಯಿತು. ಈಗ ದಿನಗಳು ಕಳೆದು ಕೆಳಪದರ ಪೂರ್ತಿ ಗಟ್ಟಿಯಾಗಿದ್ದರಿಂದ ಅಂಟಿನ ಆಸರೆಯಿಲ್ಲ, ಒರಟುತನವೇ ಹಿಡಿತ ಕೊಡಬೇಕು. ಹೊಳಪಿನ ಒಂದು ಚುಕ್ಕೆಯೂ ಕಾಣದಂತೆ ಮೇಲ್ಮೈ ಪೂರ್ತಿ ಮಂಕಾಗುವವರೆಗೆ 60 ನಂಬರ್ ಪೇಪರ್ ಉಜ್ಜಿದರು. ಗಾಜಿನ ನಾರಿನ ಧೂಳು ಶ್ವಾಸಕ್ಕೆ ಕೆಟ್ಟದ್ದು, ಚರ್ಮಕ್ಕೆ ತುರಿಕೆ. ವ್ಯಾಕ್ಯೂಮಿನಿಂದ ಎಳೆದು, ಒಣ ಬ್ರಶ್ ಹೊಡೆದು ನಿಲ್ಲಿಸಿದರು. ಒದ್ದೆ ಬಟ್ಟೆ ಇಲ್ಲ, ಅಸಿಟೋನ್ ಇಲ್ಲ. ಒಂದು ಗಂಟೆ ಬ್ಲೋವರ್ ಓಡಿಸಿ, ಮಳೆ ಬಿಟ್ಟ ಮಧ್ಯಾಹ್ನ ನೋಡಿ ಪದರ ಹಾಕಿದರು. ಒಂದು ಕೆ.ಜಿ.ಯ ಮಗ್ಗುಗಳು, ಎರಡು ಜೊತೆ ರೋಲರ್, ಡೆಕ್ಕಿನಲ್ಲಿ ಮೂರು ಡಬ್ಬಿ. ಖರ್ಚಾದ ಅಸಿಟೋನ್ ಒಂದೂವರೆ ಲೀಟರ್.

ಕೊನೆಯ ಹೊದಿಕೆಗೆ ಮಾತ್ರ ಮೇಣದ ದ್ರಾವಣ ಬೆರೆಸಿದ ರೆಸಿನ್. ಮೇಣ ಮೇಲಕ್ಕೆ ತೇಲಿ ಗಾಳಿಯನ್ನು ತಡೆದು, ಮೇಲ್ಮೈ ಅಂಟಿಲ್ಲದೆ ಗಟ್ಟಿಯಾಗುತ್ತದೆ. ಐಸ್ ಕೊಚ್ಚಿ ತುಂಬುವ, ದಿನವೂ ತೊಳೆಯುವ ಕೋಣೆಗೆ ಅಂಟುಳಿಯಬಾರದು. ಇದನ್ನು ನಡುವಿನ ಯಾವ ಪದರಕ್ಕೂ ಬೆರೆಸಬಾರದು, ಬೆರೆಸಿದರೆ ಮೇಣದ ಮೇಲೆ ಮುಂದಿನದು ಹಿಡಿಯುವುದಿಲ್ಲ.

ಮೀನಿಗೆ ಸ್ಟೈರೀನ್ ವಾಸನೆ ಹತ್ತದಿರಲು ಒಂದು ವಾರ ಬಾಯಿ ತೆರೆದಿಟ್ಟು ಬ್ಲೋವರ್ ಹಾಕಿ, ನಂತರ ಸೋಪಿನ ಬಿಸಿನೀರಿನಿಂದ ತಳ, ಗೋಡೆ ತಿಕ್ಕಿ ಎರಡು ಸಲ ತೊಳೆದರು. ಕೋಣೆಯನ್ನು ಒಂದು ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ತೆರೆದಾಗ ಘಾಟು ಇನ್ನೂ ಮೂಗಿಗೆ ಬಡಿದರೆ ಐಸ್ ಹಾಕುವ ಹಾಗಿಲ್ಲ.

ಉಳಿದದ್ದು ಮೊದಲ ಡಬ್ಬಿಯ ಕೊಳೆ ಅಸಿಟೋನ್. ಮುಚ್ಚಿ ಎರಡು ದಿನ ಅಲುಗಾಡಿಸದೆ ಇಟ್ಟರೆ ಲೋಳೆ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಬಸಿದು ಮತ್ತೆ ಒಂದನೇ ತೊಳೆತಕ್ಕೆ ಬಳಸಬಹುದು. ಮೇಲ್ಮೈ ಒರೆಸಲು ಎಂದಿಗೂ ಅಲ್ಲ. ತಳದ ಲೋಳೆ ಬಳಸಿ ಬಿಟ್ಟ ದ್ರಾವಕದ ಲೆಕ್ಕಕ್ಕೆ, ಅಂದರೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯದ ಲೆಕ್ಕಕ್ಕೆ ಬರುತ್ತದೆ. ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಗೆ ಹಾಕಿ, ಹೆಸರು ಬರೆದು, ನೆರಳಲ್ಲಿಟ್ಟು, ಅನುಮತಿ ಪಡೆದ ಸಂಗ್ರಹಕಾರರಿಗೆ ಕೊಡಬೇಕು. ದಕ್ಕೆಯ ನೀರಿಗೆ ಸುರಿದರೆ ಅದು ಹೋಗುವುದು ಬೋಟುಗಳ ಅಡಿಗೇ. ರೆಸಿನ್ ಒರೆಸಿದ ಬಟ್ಟೆಗಳನ್ನು ಗುಡ್ಡೆ ಹಾಕದೆ ಬಯಲಿನಲ್ಲಿ ಒಂದೊಂದಾಗಿ ಹರಡಿ, ಅಸಿಟೋನ್ ಆರಿ ರೆಸಿನ್ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿದರು.